ಒಂಟಿ ಗಿಳಿಗೆ ಜೊತೆಯಾದದ್ದು

ಹಕ್ಕಿ ಸಾಕಿದವನ ಮಾನ ಹಕ್ಕಿಯ ಕೈಯಲ್ಲೇ ಇರುತ್ತದೆ. ಅದು ಯಾವ ಹೊತ್ತಿಗೆ ಯಾರೆದುರು ಕಳೆಯುತ್ತದೋ ಹೇಳಲಾಗದು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲಿನ ವರ್ಷಗಳವು. ನಾನು ಸಾಗರದಲ್ಲಿ ಗುಮಾಸ್ತ. ಹೆಂಡತಿ ಬಾಣಂತನಕ್ಕೆ ತೀರ್ಥಹಳ್ಳಿಯ ತವರಿಗೆ ಹೋಗುವಾಗ ತನ್ನ ಜೋಡಿ ಗಿಳಿಗಳನ್ನು ನನಗೊಪ್ಪಿಸಿ ಹೋಗಿದ್ದಳು. ಅವಳು ಅತ್ತ ಹೋದದ್ದೇ ತಡ, ಹೆಣ್ಣು ಗಿಳಿ ಸತ್ತಿತು. ಹೇಳಿಕಳಿಸಿದೆ. "ಇನ್ನೊಂದನ್ನಾದ್ರೂ ಉಳಿಸಿಕೊಳ್ಳಿ" ಎಂದಷ್ಟೇ ಅವಳಿಂದ ಉತ್ತರ ಬಂತು. ಗಂಡು ಗಿಳಿಯೋ, ಊಟ ಬಿಟ್ಟು ಗೋಡೆ ನೋಡುತ್ತ ಕೂತಿತ್ತು.

ದನದ ಆಸ್ಪತ್ರೆಯಲ್ಲಿ

ಪಂಜರವನ್ನು ಕೈಚೀಲದಲ್ಲಿಟ್ಟು ದನದ ಆಸ್ಪತ್ರೆಗೆ ಹೋದೆ. ಜಗುಲಿಯಲ್ಲಿ ಬ್ಯಾಕೋಡಿನ ಕಡೆಯ ಮುದುಕರೊಬ್ಬರು ಕರು ಹಿಡಿದುಕೊಂಡು ಕೂತಿದ್ದರು.

"ಎಂಥಾ ಆತು ಸ್ವಾಮಿ?" ಎಂದು ಕೇಳಿದರು.

"ಜೋಡಿ ಹೋಯ್ತು ಯಜಮಾನ್ರೆ. ಹೆಣ್ಣು ತೀರ್ಕೊಂಡ ಮೇಲೆ ಒಂದು ಕಾಳು ಬಾಯಿಗಿಟ್ಟಿಲ್ಲ. ಸುಮ್ನೆ ಗೋಡೆ ನೋಡ್ತಾ ಕೂರೋದು."

ಮುದುಕರ ಕಣ್ಣು ಒದ್ದೆಯಾಯಿತು. ನನ್ನ ಬೆನ್ನ ಮೇಲೆ ಕೈಯಿಟ್ಟರು. "ಇನ್ನೂ ಸಣ್ಣ ವಯಸ್ಸು. ಊಟ ಬಿಡಬ್ಯಾಡಿ. ಆದ್ರೆ ಇದು ದನಿನ ಆಸ್ಪತ್ರೆ. ಮನುಷ್ಯರದ್ದು ಆಚೆ ಬೀದೀಲಿ ಐತಿ."

ಚೀಲ ತೆಗೆದು ಗಿಳಿ ತೋರಿಸಲು ನನಗೆ ಧೈರ್ಯವಾಗಲಿಲ್ಲ. ಅವರ ಕರುವಿನ ಸರದಿ ಬರುವವರೆಗೂ ಹೆಂಡತಿ ಸತ್ತವನಂತೆಯೇ ಕೂತಿದ್ದೆ.

ಕನ್ನಡಿ

ಡಾಕ್ಟರು ಗಿಳಿಯನ್ನು ತಿರುಗಿಸಿ ನೋಡಿದರು. "ರೋಗ ಎಂತದೂ ಇಲ್ಲ. ಜೊತೆ ಬೇಕು. ಒಂದು ಕನ್ನಡಿ ಇಟ್ಟು ನೋಡಿ. ಆಗದಿದ್ರೆ ನೀವೇ ಜೊತೆಯಾಗಿ."

ಮನೆಯಲ್ಲಿದ್ದದ್ದು ನನ್ನ ಗಡ್ಡದ ಕನ್ನಡಿಯೊಂದೇ. ಪಂಜರದಲ್ಲಿ ತೂಗುಹಾಕಿದೆ. ಗಿಳಿ ಕತ್ತು ಓರೆ ಮಾಡಿ ನೋಡಿತು, ಕೊಕ್ಕಿನಿಂದ ಮುಟ್ಟಿತು, ಆಮೇಲೆ ನೆನೆಸಿದ ಕಡಲೆ ತಿಂದಿತು. ನನಗೆ ಅಳುವೇ ಬಂತು. ಬೆಳಿಗ್ಗೆ ಕನ್ನಡಿಗೆ ಕೈಹಾಕಿದರೆ ಮತ್ತೆ ಗೋಡೆಗೆ ಮುಖ ತಿರುಗಿಸಿತು. ಇರಲಿ ಎಂದು ಕೈಯಂದಾಜಿನಲ್ಲೇ ಬ್ಲೇಡು ಆಡಿಸಿಕೊಂಡು ಕಚೇರಿಗೆ ಹೋದೆ.

ಸಾಹೇಬರು ಫೈಲಿನಿಂದ ತಲೆಯೆತ್ತಿ ನೋಡಿದರು. "ಎಂತದ್ರೀ ಅದು, ಮೀಸೆ ಒಂದೇ ಕಡೆ ಇದೆ?"

"ಕನ್ನಡಿ ಗಿಳಿಗೆ ಕೊಟ್ಟಿದೀನಿ ಸಾರ್."

"ಕ್ಷೌರಾನೂ ಅದ್ರ ಕೈಲೇ ಮಾಡಿಸ್ಕೊಂಡ್ರಾ?"

ಕಚೇರಿಗೆ ಕಚೇರಿಯೇ ನಕ್ಕಿತು. ಉಳಿದರ್ಧ ಮೀಸೆಯನ್ನು ಮಧ್ಯಾಹ್ನ ಕ್ಷೌರದಂಗಡಿಗೆ ಹೋಗಿ ತೆಗೆಸಿ ಬಂದೆ. ಆಗ ಇನ್ನೂ ಹೆಚ್ಚು ನಕ್ಕರು.

ಹೆಗಲ ಮೇಲೆ

ಕನ್ನಡಿಯೊಳಗಿನದು ಮಾತಾಡುವುದಿಲ್ಲ ಎಂದು ಗಿಳಿಗೆ ಬೇಗ ತಿಳಿಯಿತು. ಮತ್ತೆ ಊಟ ಬಿಟ್ಟಿತು. ಕೊನೆಗೆ ಡಾಕ್ಟರು ಹೇಳಿದಂತೆ ನಾನೇ ಜೊತೆಯಾದೆ. ಅನ್ನ ಬಸಿಯುವಾಗ, ಪೇಪರು ಓದುವಾಗ ಅದು ನನ್ನ ಹೆಗಲ ಮೇಲೇ. ನಾನು ಉಂಡರೆ ಅದೂ ತಿನ್ನುತ್ತಿತ್ತು. ಮೈ ತುಂಬಿಕೊಂಡಿತು.

ಹೆಂಡತಿ ಮಗುವಿನೊಂದಿಗೆ ಬಸ್ಸಿಳಿದು ಬಂದಳು, ಜೊತೆಗೆ ಅತ್ತೆಯವರು. ಗಿಳಿ ನೋಡಿ ಹೆಂಡತಿಯ ಕಣ್ಣು ತುಂಬಿತು. "ಇದೊಂದಾದ್ರೂ ಉಳೀತಲ್ಲ" ಎಂದಳು. ನಾನು ಎದೆಯುಬ್ಬಿಸಿ ನಿಂತೆ.

ಆಗ ಗಿಳಿ ಹೆಗಲ ಮೇಲೆ ತಲೆ ಕುಣಿಸತೊಡಗಿತು. ತಿಂದಿದ್ದ ಕಡಲೆಯನ್ನು ಗಂಟಲಿಂದ ಮೇಲೆ ತಂದು, ಬಹಳ ಮರ್ಯಾದೆಯಿಂದ ನನ್ನ ತುಟಿಗಿಟ್ಟಿತು. ನಾನು ಬಾಯಿ ಬಿಗಿಹಿಡಿದೆ. ಅದು ಬೇಸರಿಸದೆ ಕಿವಿಗೆ ತುರುಕಿತು.

ಹೆಂಡತಿಯ ಮುಖ ಬದಲಾಯಿತು. "ಅದರ ಹೆಣ್ಣಿಗೆ ಹೀಗೇ ಉಣಿಸ್ತಿತ್ತು" ಎಂದು ಮೆಲ್ಲಗೆ ಹೇಳಿ, ಒರೆಸಲು ಸೆರಗು ಹಿಡಿದು ಹತ್ತಿರ ಬಂದಳು. ಗಿಳಿ ರೆಕ್ಕೆ ಬಿಚ್ಚಿ ಅವಳ ಬೆರಳು ಕಚ್ಚಿತು. ಮತ್ತೆ ಬಂದು ನನ್ನ ಕುತ್ತಿಗೆಗೆ ಒರಗಿ ಕೂತಿತು.

ಡಾಕ್ಟರು ಹೇಳಿದ್ದನ್ನು ತೊದಲುತ್ತ ವಿವರಿಸಿದೆ. ಅತ್ತೆಯವರು ಮೊಮ್ಮಗುವನ್ನು ತಟ್ಟುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ಸವತಿ ಆಗಿದ್ರೆ ನಾನೇ ಜುಟ್ಟು ಹಿಡ್ದು ಓಡಿಸ್ತಿದ್ದೆ ಮಾರಾಯ್ತಿ. ಅಳಿಯಂದ್ರೇ ಗಂಡನ್ನ ಮಾಡ್ಕೊಂಡು ಕೂತ್ರೆ ನಾನೆಂತ ಮಾಡ್ಲಿ?"