ಯಾರೂ ತಿರುಗಿ ನೋಡದ ಅಂಗಿ

ಅಕ್ಕು: ಬಿಚ್ಚು ಅಂದರೆ ಬಿಚ್ಚು! ಬೀರುವಿನಲ್ಲಿದ್ದ ಶರ್ಟ್ ಪೀಸ್ ಹೊಲಿಸಲಿಕ್ಕೆ ನಿನಗೆ ಯಾರು ಹೇಳಿದ್ದು?

ಉಜ್ವಲ್: ಶರ್ಟ್ ಪೀಸ್ ಇರುವುದು ಹೊಲಿಸಲಿಕ್ಕೇ ಅಲ್ವಾ ಅಮ್ಮ?

ಅಕ್ಕು: ಅಲ್ಲ! ಕೊಡಲಿಕ್ಕೆ!

ಅಲೆವೂರಿನ ಅಕ್ಕುವಿಗೆ ಅಳುವುದೊಂದೇ ಬಾಕಿ. ಕಾರ್ಕಳದ ನೆಂಟ ದೇಜಪ್ಪಣ್ಣನ ಗೃಹಪ್ರವೇಶಕ್ಕೆ ಹೊರಟು ನಿಂತ ಹೊತ್ತು. ಉಡುಗೊರೆಗೆಂದು ತೆಗೆದಿಟ್ಟ ಬಟ್ಟೆ ಮಗನ ಮೈಮೇಲೆ ದೊಗಳೆಯಾಗಿ ನೇತಾಡುತ್ತಿದೆ. ಅಕ್ಕಿ ತೊಳೆದ ನೀರಿನ ಬಣ್ಣ. ಗೆರೆಯಿಲ್ಲ, ಹೂವಿಲ್ಲ. ಎದೆಯ ಮೇಲೆ, ಎಂದೋ ಹರಿವಾಣದಿಂದ ಹತ್ತಿದ ಕುಂಕುಮದ ಕಲೆಯೊಂದು ಮಾತ್ರ ಉಂಟು.

ಅಕ್ಕು: ಮಣಿಪಾಲದಲ್ಲಿ ಡಿಸೈನ್ ಕಲಿತವನು ಹಾಕುವ ಅಂಗಿಯಾ ಇದು? ನಾನು ತಂದ ರೇಷ್ಮೆ ಶರ್ಟಿಗೆ ಎಂತ ಆಗಿದೆ?

ಉಜ್ವಲ್: ಅದು ಮಿಂಚುತ್ತದೆ. ಈಗ ಸಾದಾ ಇರುವುದೇ ಸ್ಟೈಲ್. ನಾರ್ಮ್‌ಕೋರ್ ಅಂತ ಹೆಸರೇ ಉಂಟು. ನೂರು ಜನರ ನಡುವೆ ನಿಂತರೂ ಒಬ್ಬರೂ ತಿರುಗಿ ನೋಡಬಾರದು.

ಅಕ್ಕು: ಹಾಗಾದರೆ ನಿನ್ನಪ್ಪ ಮೂವತ್ತು ವರ್ಷದಿಂದ ಫ್ಯಾಶನ್ ಮಾಡುತ್ತಿದ್ದಾರಾ?

ಉಜ್ವಲ್: ಅಪ್ಪನದ್ದು ಅಭ್ಯಾಸ. ನನ್ನದು ನಿಲುವು.

ಅಕ್ಕು: ನಿಲುವಿಗೆ ಕಲೆಯೂ ಬೇಕಾ?

ಉಜ್ವಲ್: ಟೈಲರ್ ಒಳಗೆ ಹಾಕುತ್ತೇನೆ ಅಂದರು. ನಾನೇ ಹಟ ಮಾಡಿ ಎದುರಿಗೆ ಹಾಕಿಸಿದೆ.

ಅಕ್ಕು ಸೆರಗಿನ ತುದಿಯಿಂದ ಕಲೆಯನ್ನು ಉಜ್ಜಿ ನೋಡಿದಳು. ಆ ಕಲೆ ಅವಳದೇ ಹರಿವಾಣದ್ದು. ಆರು ವರ್ಷದ ಹಿಂದೆ ಇದೇ ಪೀಸನ್ನು ದೇಜಪ್ಪಣ್ಣನ ಮಗಳ ಮದುವೆಗೆ ಕೊಟ್ಟವಳು ಅವಳೇ. ಹೋದ ವರ್ಷ ಹೆಜಮಾಡಿಯ ಅಣ್ಣ ಭುಜಂಗ "ನಿನಗೆಂದೇ ಆರಿಸಿದ್ದು" ಎಂದು ಅದನ್ನೇ ತಂದುಕೊಟ್ಟಾಗ, ತವರಿನ ಮಾನ ಕಾಯಲು ತುಟಿಪಿಟಕ್ಕೆನ್ನದೆ ಬೀರುವಿಗೆ ಸೇರಿಸಿದ್ದಳು. ಇವತ್ತು ಅದನ್ನು ಹೊಸ ಕವರಿನಲ್ಲಿ ಹಾಕಿ ದೇಜಪ್ಪಣ್ಣನಿಗೇ ಮುಟ್ಟಿಸಿ ಸೇಡು ತೀರಿಸುವ ಆಸೆಯಿತ್ತು. ಆಸೆಗೆ ಮಗರಾಯ ಕತ್ತರಿ ಹಾಕಿಸಿ ಗುಂಡಿ ಹೊಲಿಸಿಬಿಟ್ಟಿದ್ದಾನೆ. ಅವಳು ದುಸುಮುಸು ಮಾಡುತ್ತ ಒಳಗೆ ಹೋಗಿ ಬೇರೊಂದು ಕವರ್ ಹಿಡಿದು ಬಂದಳು.

ಕಾರ್ಕಳದಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಭುಜಂಗ ಎದುರಾದ.

ಭುಜಂಗ: ಓ! ನಾನು ಕೊಟ್ಟ ಪೀಸ್! ನೋಡಿ ದೇಜಪ್ಪಣ್ಣ, ಅಳಿಯನಿಗೆ ಎಷ್ಟು ಒಪ್ಪುತ್ತದೆ!

ದೇಜಪ್ಪ: (ಕಲೆಯ ಮೇಲೆ ಬೆರಳಿಟ್ಟು) ಇದು ನಿನ್ನ ಹೊಸ ಬೋಟಿನ ಪೂಜೆಗೆ ನಾನು ಕೊಟ್ಟದ್ದಲ್ವಾ ಮಾರಾಯ?

ಭುಜಂಗ: ಅದು... ಅದರ ಹಾಗೆಯೇ ಇನ್ನೊಂದು...

ದೇಜಪ್ಪ: ಕಲೆ ಸಮೇತವಾ?

ಸುತ್ತ ನಗು ಎದ್ದಿತು. ಅಣ್ಣನ ಮುಖ ಸಣ್ಣದಾಗುವುದನ್ನು ನೋಡಿಕೊಂಡು ಸುಮ್ಮನಿರುವವಳಲ್ಲ ಅಕ್ಕು.

ಅಕ್ಕು: ನಿಮ್ಮ ಮಗಳ ಮದುವೆಗೆ ನಾನು ಕೊಟ್ಟದ್ದೂ ಇದೇ ದೇಜಪ್ಪಣ್ಣ!

ದೇಜಪ್ಪ: ಹೌದಾ? ನೀನು ಯಾವ ಅಂಗಡಿಯಿಂದ ತಂದದ್ದು ಅಕ್ಕು?

ಅಕ್ಕುವಿಗೂ ಅದು ಯಾರೋ ಕೊಟ್ಟದ್ದೇ; ಅವಳು ಸೆರಗು ಸರಿಮಾಡಿಕೊಳ್ಳತೊಡಗಿದಳು. ಅಷ್ಟರಲ್ಲಿ ಕಾಪುವಿನ ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಅಂಗಿಯ ಹತ್ತಿರ ಬಂದರು. ಪಾನಕ ಹಂಚುವವರೂ ಪಾನಕ ಬಿಟ್ಟು ಬಂದರು. ಚಪ್ಪರಕ್ಕೆ ಚಪ್ಪರವೇ ಉಜ್ವಲನನ್ನು ಸುತ್ತು ಹಾಕಿ ನೋಡತೊಡಗಿತು.

ಉಜ್ವಲ್: (ಪಿಸುದನಿಯಲ್ಲಿ) ಅಮ್ಮ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ! ನೀನು ತಂದ ಕವರಿನಲ್ಲಿ ಆ ರೇಷ್ಮೆ ಶರ್ಟ್ ಉಂಟಲ್ವಾ? ಬೇಗ ಕೊಡು, ಬದಲಾಯಿಸಿ ಬರುತ್ತೇನೆ.

ಅಕ್ಕು: ಬರಿಗೈಯಲ್ಲಿ ಬರಲಿಕ್ಕೆ ಆಗುತ್ತದಾ? ಅದನ್ನು ಆಗಲೇ ದೇಜಪ್ಪಣ್ಣನಿಗೆ ಕೊಟ್ಟಾಯ್ತು.

ಉಜ್ವಲ್: ನನ್ನ ಶರ್ಟನ್ನಾ?

ಅಕ್ಕು: ಬೇಸರ ಮಾಡಬೇಡ ಮಗ. ಐದಾರು ವರ್ಷ ತಡೆ, ತಿರುಗಿ ನಮ್ಮ ಮನೆಗೇ ಬರುತ್ತದೆ.