ಕಂಬದ ಮೇಲಿನ ಧ್ವನಿವರ್ಧಕರಿಗೆ, ಎಲೆಕೋಸಿನ ವಿಷಯವಾಗಿ

ಮಾನ್ಯ ಧ್ವನಿವರ್ಧಕರೇ,

ಹಾಯ್ ಫಾಂಗ್ ನಗರದ ನಮ್ಮ ಓಣಿಯ ಕಂಬವೇರಿ, ನಾವು ಹಲ್ಲುಜ್ಜುವ ಮೊದಲೇ ಊರಿನ ಸುದ್ದಿಯೆಲ್ಲ ಅರುಹುವ ತಮ್ಮ ಎರಡೂ ಬಾಯಿಗಳಿಗೆ ಥುಕ್ ಅಜ್ಜಿಯ ದೀರ್ಘದಂಡ ನಮಸ್ಕಾರಗಳು. ಈ ಮಹಾಮಾರಿಯ ಕಾಲದಲ್ಲಿ ಯಾರಿಗೆ ಲಸಿಕೆ, ಯಾರ ಮನೆಗೆ ಬೀಗ ಎಂಬುದನ್ನೆಲ್ಲ ತಮ್ಮ ಬಾಯಿಂದಲೇ ತಿಳಿದು ಧನ್ಯರಾಗಿದ್ದೇವೆ. ಹತ್ತು ವರ್ಷದಿಂದ ಕಿವುಡರಾದ ನನ್ನ ಯಜಮಾನರಿಗೂ ತಮ್ಮ ಮಾತು ಕೇಳಿಸುತ್ತದೆ, ನನ್ನದು ಮಾತ್ರ ಕೇಳಿಸುವುದಿಲ್ಲ.

ವಿಷಯವೇನೆಂದರೆ, ನನ್ನ ಮೊಮ್ಮಗಳು ದಿಯೆಪ್ ನರ್ಸಿಂಗ್ ಓದುತ್ತಿದ್ದಾಳೆ. ಕಾಲೇಜು ಮುಚ್ಚಿ ಪಾಠ, ಪರೀಕ್ಷೆಯೆಲ್ಲ ಫೋನಿನಲ್ಲೇ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾಲ್ಕನಿಯೊಂದರಲ್ಲೇ, ತಮ್ಮ ಬಾಯಿಂದ ಎರಡು ಮಾರು ದೂರದಲ್ಲಿ. ಹೋದ ವಾರದ ಮೌಖಿಕ ಪರೀಕ್ಷೆಯಲ್ಲಿ ಖುಯೆನ್ ಮೇಡಂ, "ಎದೆನೋವು ಅಂತ ಬಂದ ರೋಗಿಗೆ ಮೊದಲು ಏನು ಕೊಡ್ತೀಯಮ್ಮ?" ಎಂದು ಕೇಳಿದರು. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ತಾವೇ ದೊಡ್ಡ ಮನಸ್ಸು ಮಾಡಿ, ಓಣಿಗೆ ತರಕಾರಿ ಹಂಚುವ ಪ್ರಕಟಣೆಯಿಂದ, "ಮನೆಗೆ ಎರಡು ಎಲೆಕೋಸು, ಚೀಲ ನೀವೇ ತರತಕ್ಕದ್ದು" ಎಂದು ಉತ್ತರಿಸಿದಿರಿ.

"ಚೀಲಾನೂ ರೋಗೀನೇ ತರ್ಬೇಕಾ?" ಎಂದರಂತೆ ಮೇಡಂ. ಅರವತ್ತು ಜನ ಸಹಪಾಠಿಗಳು ನಕ್ಕರು. ಮೂರು ರಾತ್ರಿ ಕುಳಿತು ಓದಿದ ಹುಡುಗಿ ಅಳುತ್ತಾ ಒಳಗೆ ಬಂದಳು. "ಅಜ್ಜೀ, ಮರುಪರೀಕ್ಷೇಲೂ ಹೀಗಾದ್ರೆ ನನ್ನ ಒಂದು ವರ್ಷ ಹೋಯ್ತು" ಎಂದಳು. ಅದಕ್ಕೇ ಈ ಪತ್ರ ಬರೆಯಲು ಕುಳಿತೆ ಸ್ವಾಮಿ.

ಮರುಪರೀಕ್ಷೆ ಬರುವ ಶನಿವಾರ ಸಂಜೆ ನಾಲ್ಕೂವರೆಗೆ, ತಾವು ಸಂಜೆಯ ಸುದ್ದಿಗೆ ಗಂಟಲು ಸರಿಮಾಡಿಕೊಳ್ಳುವ ಅದೇ ಗಳಿಗೆಗೆ. ಓಣಿಗೆ ಲಾಕ್‌ಡೌನಿನ ಅಡ್ಡಹಗ್ಗ ಕಟ್ಟಿರುವುದರಿಂದ ಅವಳನ್ನು ಬೇರೆಲ್ಲಿಗೂ ಕರೆದೊಯ್ಯುವಂತಿಲ್ಲ. ಆದಕಾರಣ ಪರೀಕ್ಷೆ ನಡೆಯುವ ಆ ಹದಿನೈದು ನಿಮಿಷ ಮೌನವ್ರತ ಹಿಡಿಯಬೇಕೆಂದು ಪ್ರಾರ್ಥನೆ. ಮಾತನಾಡದೆ ಇರುವುದು ತಮ್ಮ ಜಾಯಮಾನಕ್ಕೆ ಒಗ್ಗದಿದ್ದರೆ, ಅವಳ ಔಷಧಶಾಸ್ತ್ರದ ಪುಸ್ತಕವನ್ನು ಕಂಬಕ್ಕೆ ಕಟ್ಟಿಬಿಡುತ್ತೇನೆ. ಅಷ್ಟರೊಳಗೆ ಓದಿಕೊಂಡು ಈ ಸಲವಾದರೂ ಸರಿಯುತ್ತರ ಕೊಡಿ. ಪಾಸಾದರೆ ಪದವಿಪತ್ರದಲ್ಲಿ ತಮ್ಮ ಹೆಸರನ್ನೂ ಸೇರಿಸಲು ನಮ್ಮ ಅಭ್ಯಂತರವಿಲ್ಲ.

ಕಿವಿ ಇನ್ನೂ ಉಳಿದಿರುವ,
ತಮ್ಮ ವಿಶ್ವಾಸಿ,
ಥುಕ್ ಅಜ್ಜಿ

ತಾಜಾ ಕಲಂ: ಈ ಪತ್ರದ ನಕಲನ್ನು ತಮ್ಮ ಯಜಮಾನರಾದ ವಾರ್ಡ್ ಕಚೇರಿಯ ತ್ವಾನ್ ಅವರಿಗೂ ಕೊಟ್ಟೆ. ಬಹಳ ಒಳ್ಳೆಯವರು. "ಹದಿನೈದು ನಿಮಿಷ ತಾನೆ ಅಜ್ಜೀ, ಖಂಡಿತ ನಿಲ್ಸೋಣ. ಆದ್ರೆ ಯಾಕೆ ನಿಲ್ಸಿದ್ದೀವಿ ಅಂತ ಜನಕ್ಕೆ ಹೇಳ್ಬೇಕಲ್ಲ" ಎಂದರು. ಆ ಪ್ರಕಟಣೆಯನ್ನು ಶನಿವಾರ ನಾಲ್ಕೂವರೆಗೆ, ಎಲ್ಲರಿಗೂ ಮುಟ್ಟುವಂತೆ ಮೂರು ಸಲ, ತಾವೇ ಓದಲಿದ್ದೀರಂತೆ.