ನನ್ನ ಮೂರಡಿ ಸಮುದ್ರ ಮತ್ತು ಅತ್ತೆಯ ಕಣ್ಣು

ರಾಯದುರ್ಗಕ್ಕೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮೂರಿನಲ್ಲಿ ಇರುವುದು ಬೆಟ್ಟ, ಬಂಡೆ, ಬಿಸಿಲು ಮತ್ತು ಜೀನ್ಸ್ ಪ್ಯಾಂಟು. ಆದರೂ ನಡುಮನೆಯಲ್ಲಿ ಮೂರಡಿ ಉದ್ದದ ಒಂದು ಸಮುದ್ರವನ್ನು ಸ್ಥಾಪಿಸುವುದು ನನ್ನಂಥ ಅನುಭವಸ್ಥನಿಗೆ ಕಷ್ಟವಲ್ಲ ಎಂದು ನಾನು ತೀರ್ಮಾನಿಸಿದೆ. ಅನುಭವಸ್ಥ ಎಂದದ್ದು ಸುಳ್ಳಲ್ಲ. ಮೊದಲನೆಯ ಸಮುದ್ರವನ್ನು ನಾನೇ ಕೈಯಾರೆ ಮುಚ್ಚಿದ್ದೆ!

ಅದು ಬೆಂಗಳೂರಿನ ಮಾತು. ಊರಿನ ಅರ್ಧ ಹುಡುಗರಂತೆ ನಾನೂ ಅಲ್ಲಿಗೆ ಹೋಗಿ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರನಾಗಿದ್ದೆ. ನಮ್ಮ ಬಾಡಿಗೆ ಕೋಣೆಯ ಕೆಳಗೆ ಬಣ್ಣದ ಮೀನಿನ ಅಂಗಡಿ. ಅಲ್ಲಿ ಒಂದು ದಿನ ಹವಳದ ತೊಟ್ಟಿ ನೋಡಿದೆ. ಗಾಜಿನೊಳಗೆ ಉಪ್ಪುನೀರು, ನೀರಿನಲ್ಲಿ ಕಲ್ಲು, ಕಲ್ಲಿನ ಮೇಲೆ ಹೂವಿನ ಹಾಗೆ ಅರಳಿದ ಜೀವಂತ ಹವಳ, ಅದರ ನಡುವೆ ಸಮುದ್ರದ ಮೀನು. ನೋಡಿದವನ ತಲೆ ಕೆಟ್ಟಿತು. ಅಂಥದ್ದೇ ಒಂದನ್ನು ಕೋಣೆಯಲ್ಲಿ ಇಟ್ಟೆ. ವಾರಕ್ಕೊಮ್ಮೆ ನೀರು ಬದಲಿಸಬೇಕು, ಉಪ್ಪು ಕಲಸಬೇಕು, ಅಳೆಯಬೇಕು. ಕೆಳಗಿನ ನಲ್ಲಿಯಿಂದ ನೀರು ಹೊತ್ತು ತಂದವಳು ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ ಸರೋಜ. ಒಂದು ಬೆಳಿಗ್ಗೆ ಅವಳು ನಾನು ಕಲಸಿಟ್ಟ ನೀರಿನಲ್ಲಿ ತಿಳಿಯದೆ ಬೇಳೆ ಬೇಯಿಸಿದಳು. ಆ ಸಾರು ತಿಂದ ಮರುವಾರವೇ ತೊಟ್ಟಿ ಅಂಗಡಿಗೆ ವಾಪಸಾಯಿತು.

ಆಮೇಲೆ ಊರಿಗೆ ಮರಳಿದೆವು. ಮನೆಯ ಮುಂಭಾಗದಲ್ಲಿ ಹತ್ತು ಮಿಷನ್ನು ಹಾಕಿ ಜೀನ್ಸ್ ಹೊಲಿಸತೊಡಗಿದೆ. ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾರೋ ಮಹಾನುಭಾವ ಹೇಳುತ್ತಿದ್ದ: ಮೀನು ಕಡಿಮೆ ಇಡಿ, ಕಲ್ಲು ಜಾಸ್ತಿ ಇಡಿ, ಆಮೇಲೆ ಸುಮ್ಮನೆ ಕೂತು ನೋಡಿ!

ಸುಮ್ಮನೆ ಕೂರುವುದು ನನಗೆ ಹೇಳಿ ಮಾಡಿಸಿದ ಕೆಲಸ. ತಕ್ಷಣ ಅಡುಗೆಮನೆಗೆ ಹೋಗಿ ವಿಷಯ ಮಂಡಿಸಿದೆ.

"ಮತ್ತೆ ಆ ಉಪ್ಪುನೀರಾ?" ಎಂದಳು ಸರೋಜ. ಅವಳ ತವರು ಮಡಕಶಿರಾದ ಆಚೆಯ ರೊಳ್ಳ, ಮಾತೂ ಆ ಕಡೆಯದೇ. "ಬಕೀಟು ಎತ್ತಿ ಎತ್ತಿ ನನ್ ಸೊಂಟ ಬಿದ್ದೋಗಿತ್ತು."

"ಈ ಸಲ ಏನೂ ಮಾಡಾದು ಬ್ಯಾಡ. ಎರಡು ಮೀನು, ಎರಡು ಹವಳ, ಉಳದದ್ದೆಲ್ಲ ಕಲ್ಲು. ಎಲ್ಲಾ ಕೆಲ್ಸ ಕಲ್ಲ ಮಾಡ್ತಾವ."

"ಕಲ್ಲು ಕೆಲ್ಸ ಮಾಡ್ತಾವಾ? ಅಂಗಾರೆ ಈ ಮನೇಲಿ ನಿಮಗಿಂತ ಅವೇ ವಾಸಿ ಬಿಡಿ."

ಇದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ವಿಡಿಯೋದವನು ಸಮುದ್ರದ ಕಲ್ಲೇ ಬೇಕು ಎಂದಿದ್ದ. ಅದರ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿಕೊಂಡು ನೀರಿನ ಕೊಳೆ ತಿನ್ನುತ್ತವಂತೆ. ಅಂದರೆ ಮುಖ್ಯವಾದದ್ದು ತೂತು, ಸಮುದ್ರವಲ್ಲ ಎಂದು ನಾನು ಸ್ವತಂತ್ರವಾಗಿ ಚಿಂತಿಸಿದೆ. ತೂತಿನ ಕಲ್ಲಿಗೆ ನಮ್ಮೂರಿನಲ್ಲಿ ಬರವೇ? ಹೊಸ ಜೀನ್ಸ್ ಹಳೆಯದರಂತೆ ಕಾಣಲಿ ಎಂದು ಅದನ್ನು ದೊಡ್ಡ ಡ್ರಮ್ಮಿನಲ್ಲಿ ಹಗುರಾದ ತೂತುಕಲ್ಲುಗಳ ಜೊತೆ ಹಾಕಿ ತಿರುಗಿಸುತ್ತಾರೆ. ನಮ್ಮ ಪ್ಯಾಂಟು ಒಗೆದುಕೊಡುವ ವಾಷಿಂಗ್ ಮಾಸ್ತರ ಖಾಜಾ ಒಂದು ಚೀಲ ಹೊಸ ಕಲ್ಲು ಕೊಟ್ಟ.

"ಯಾಕ್ರಿ ಬಸಣ್ಣ, ಮನ್ಯಾಗ ವಾಷಿಂಗ್ ಶುರು ಮಾಡ್ತೀರೇನು?"

"ಇಲ್ಲಪ್ಪ, ಸಮುದ್ರಕ್ಕ."

ಖಾಜಾ ಮುಂದೆ ಏನೂ ಕೇಳಲಿಲ್ಲ. ಮರ್ಯಾದಸ್ಥ.

ಕಲ್ಲನ್ನು ನೀರಿಗೆ ಬಿಟ್ಟೆ. ತೇಲಿದವು! ಒಂದೂ ಬಿಡದೆ ಎಲ್ಲವೂ ತೇಲಿದವು. ಒತ್ತಿ ಹಿಡಿದೆ, ಕೈ ಬಿಟ್ಟೆ, ಬುಳಕ್ಕನೆ ಎದ್ದು ಬಂದವು. ಆದರೆ ಹೊಲಿಗೆಯವನು ಸೋಲುತ್ತಾನೆಯೇ? ನೆಲಕ್ಕೆ ಹಾಸುವ ಟೈಲ್ಸಿಗೆ ತೂತು ಕೊರೆಸಿ, ಜೀನ್ಸಿನ ದಪ್ಪ ಹಳದಿ ದಾರದಿಂದ ಕಲ್ಲುಗಳನ್ನು ಅದಕ್ಕೆ ಹೊಲಿದು ಮುಳುಗಿಸಿದೆ. ಡಬಲ್ ಹೊಲಿಗೆ ಹಾಕಿದ ಸಮುದ್ರ ಪ್ರಪಂಚದಲ್ಲಿ ಇದೊಂದೇ ಇರಬೇಕು.

ಒಂದು ತಿಂಗಳು ನೀರು ಹದಕ್ಕೆ ಬರಲೆಂದು ಕಾದು, ಬೆಂಗಳೂರಿಗೆ ಹೋಗಿ ಎರಡು ಮೀನು, ಎರಡು ಹವಳ ತಂದೆ. ಮೀನು ಕಿತ್ತಳೆ ಬಣ್ಣದವು, ಮೈಮೇಲೆ ಬಿಳಿ ಪಟ್ಟೆ. ಗಾಳಿ ತುಂಬಿದ ಚೀಲವನ್ನು ಬಾಣಂತಿ ಮಗುವನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದು ಆಂಧ್ರದ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ ಬಗ್ಗಿ ನೋಡಿ "ಕೂರಕಾ?" ಎಂದ. ಸಾರಿಗಲ್ಲ, ನೋಡುವುದಕ್ಕೆ ಎಂದು ಅವನ ತೆಲುಗಿನಲ್ಲೇ ಹೇಳಿದೆ. ಊರು ಬರುವ ತನಕ ಅವನು ಮೀನು ಬಿಟ್ಟು ನನ್ನನ್ನೇ ನೋಡಿದ.

ಆಶ್ಚರ್ಯವೆಂದರೆ ಎಲ್ಲವೂ ಸರಿಹೋಯಿತು! ಮೀನು ಆಡಿದವು, ಹವಳ ಅರಳಿದವು. ಸಂಜೆ ಮೇಲಿನ ನೀಲಿ ದೀಪ ಹಾಕಿದರೆ ಹೊಲಿಗೆಯವರು ಮಿಷನ್ನು ನಿಲ್ಲಿಸಿ ಬಂದು ನೋಡುತ್ತಿದ್ದರು. ನಾನು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತೆ.

ಆ ಹೊತ್ತಿಗೇ ನನ್ನ ಅತ್ತೆ ರಂಗಮ್ಮ ಬಂದದ್ದು. ಎರಡೂ ಕಣ್ಣಿಗೆ ಪೊರೆ ಬಂದು ಬಹಳ ದಿನದಿಂದ ಅವರಿಗೆ ಎಲ್ಲವೂ ಮಬ್ಬು. ಎಡಗಣ್ಣಿಗಂತೂ ಬರೀ ನೆರಳಿನಂತೆ ಕಾಣುತ್ತಿತ್ತು. ಇಲ್ಲಿನ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣನ್ನು ಎರಡು ತಿಂಗಳ ಮೇಲೆ ಮಾಡುತ್ತೇವೆ, ಅಲ್ಲಿಯವರೆಗೆ ಹೊಗೆ, ದೂಳಿನಿಂದ ದೂರವಿರಲಿ ಎಂದರು ಡಾಕ್ಟರು. ಪಟ್ಟಿ ಬಿಚ್ಚಿದ ಮೇಲೆ ಆ ಹೊಸ ಕಣ್ಣು ಮೊದಲು ನಿಂತದ್ದು ನನ್ನ ತೊಟ್ಟಿಯ ಮೇಲೆ.

"ಅಳಿಯಂದ್ರೇ, ಎಷ್ಟು ಚೆಂದಾಗವ್ವೆ! ಆ ದೊಡ್ಡದು ಹೆಂಡ್ತಿ. ಹಿಂದಿಂದೆ ಓಡಾಡ್ತೈತಲ್ಲ ಸಣ್ಣದು, ಅದು ಗಂಡ."

ನಾನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ನಿಜವಾಗಿತ್ತು! ಯಾವ ವಿಡಿಯೋವನ್ನೂ ನೋಡದೆ ಹೇಗೆ ತಿಳಿಯಿತು ಎಂದರೆ, "ಅದೇನು ಕೇಳಾ ಮಾತಾ? ನೋಡುದ್ರೆ ತಿಳೀತೈತೆ" ಎಂದರು.

ಕಲ್ಲಿನ ಮೇಲಿನದು ಹವಳ ಎಂದಾಗ ಮಾತ್ರ ನಂಬಲಿಲ್ಲ. "ಸರದಾಗೆ ಪೋಣಿಸ್ತಾರಲ್ಲ, ಅದಾ? ಅದುಕ್ಕೆ ಜೀವ ಐತಾ?" ಐತಿ ಎಂದೆ. ಅವರು ತಮ್ಮ ಕೊರಳಿನ ಎರಡು ಹವಳದ ಮಣಿಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ತಮ್ಮವರ ಗತಿಯನ್ನು ತೊಟ್ಟಿಯ ಹವಳಗಳು ನೋಡುವುದು ಬೇಡವೆಂದು!

ಇಡೀ ದಿನ ಅವರು ಅಲ್ಲೇ ಕೂರುತ್ತಿದ್ದರು. ಮೀನಿನೊಡನೆ ಮಾತಾಡುತ್ತಿದ್ದರು. ಅಷ್ಟಕ್ಕೇ ನಾನು ಕೈಕಟ್ಟಿ ಕೂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಒಂದು ಭಾನುವಾರ ಹೊಲಿಗೆ ಬಿಚ್ಚಿ ಒಂದು ಕಲ್ಲು ಹವಳದ ಸಮೇತ ಮೇಲೆದ್ದು ತೆಪ್ಪದ ಹಾಗೆ ತೇಲತೊಡಗಿತು. ಮತ್ತೆ ಯಾರು ಹೊಲಿಯುತ್ತಾರೆ? ಸೀದಾ ಖಾಜಾನ ವಾಷಿಂಗಿಗೆ ಹೋದೆ. ರಜೆ, ಬಾಗಿಲು ಹಾಕಿತ್ತು. ಆದರೆ ಹಿಂದುಗಡೆ ಬಳಸಿ ಬಿಸಾಕಿದ ಕಲ್ಲಿನ ರಾಶಿ ಬಿದ್ದಿತ್ತು. ಉರುಳಿ ಉರುಳಿ ನುಣುಪಾದ, ಗುಂಡಗಿನ ಕಲ್ಲುಗಳು. ಒಂದನ್ನು ಅಲ್ಲೇ ಬಟ್ಟೆ ಒಗೆಯುವ ತೊಟ್ಟಿಯ ನೀರಿಗೆ ಹಾಕಿ ನೋಡಿದೆ. ಮುಳುಗಿತು! ಆ ಆನಂದದಲ್ಲಿ ಒಂದು ಚೀಲ ತುಂಬಿಕೊಂಡು ಬಂದು, ಎರಡು ಬಕೀಟು ನೀರಿನಲ್ಲಿ ತೊಳೆದ ಶಾಸ್ತ್ರ ಮಾಡಿ, ಹಳೆಯವನ್ನು ತೆಗೆದು ಇವನ್ನು ಜೋಡಿಸಿ, ಮೇಲೆ ಹವಳಗಳನ್ನು ಕೂರಿಸಿದೆ.

ಮೂರನೆಯ ಬೆಳಿಗ್ಗೆ ಅತ್ತೆ ಕರೆದರು.

"ಅಳಿಯಂದ್ರೇ, ನೀರು ಯಾಕೋ ನೀಲಿಯಾಗೈತೆ."

ನಾನು ನೋಡಿದೆ. ದಿನವಿಡೀ ನೀಲಿ ಬಟ್ಟೆಯ ನಡುವೆ ಬದುಕುವವನಿಗೆ ನೀಲಿ ಒಂದು ಬಣ್ಣವಾಗಿ ಕಾಣುವುದು ಎಂದೋ ನಿಂತುಹೋಗಿದೆ. "ಇಲ್ಲತ್ತಿ, ಸರಿ ಐತಿ" ಎಂದೆ.

"ನಿನ್ನೆ ಇಂಗಿರ್ಲಿಲ್ಲ. ಮೀನೂ ಸುಸ್ತಾದಂಗವೆ."

ಆಗ ನಾನೊಂದು ಮಾತು ಹೇಳಿದೆ. ಈಗಲೂ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ. ಆಪರೇಷನ್ ಆದ ಮೇಲೆ ಕೆಲವು ದಿನ ಬಣ್ಣ ಸ್ವಲ್ಪ ಬೇರೆ ಕಾಣಬಹುದು ಎಂದು ಆಸ್ಪತ್ರೆಯಲ್ಲಿ ನರ್ಸಮ್ಮ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅಷ್ಟು ಸಾಕಲ್ಲ ನನಗೆ! ಕುರ್ಚಿಯಲ್ಲಿ ನೆಟ್ಟಗೆ ಕೂತು, "ನೀಲಿ ಇರಾದು ನೀರಾಗ ಅಲ್ಲತ್ತಿ, ನಿಮ್ಮ ಕಣ್ಣಾಗ. ಆಪರೇಷನ್ ಆದ ಕಣ್ಣು ಇಲ್ಲದ್ದೂ ತೋರಿಸ್ತೈತಿ. ಇನ್ನು ಮ್ಯಾಲ ಹಿಂಗ" ಎಂದು ತೀರ್ಪು ಕೊಟ್ಟೆ.

ಅವರು ಬಲಗಣ್ಣನ್ನು ಒಮ್ಮೆ ಕೈಯಿಂದ ಮುಚ್ಚಿದರು. ತೆಗೆದರು. ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಮೀನು ಸತ್ತಿದ್ದವು. ಹವಳ ಎರಡೂ ಕರಗಿ ಲೋಳೆಯಾಗಿದ್ದವು.

ಗಣ್ಯರು ಇಂಥ ಸಂದರ್ಭದಲ್ಲಿ ತನಿಖೆ ನಡೆಸುತ್ತಾರೆ. ನಾನೂ ನಡೆಸಿದೆ. ತೊಟ್ಟಿಯ ಹತ್ತಿರ ಇಡೀ ದಿನ ಇರುವವರು ಯಾರು? ಅತ್ತೆ. ಏನಾದರೂ ಹಾಕಿದಿರಾ ಎಂದು ಎಲ್ಲರೆದುರು ಕೇಳಿದೆ. ಹೊಲಿಗೆಯವರು ಬಾಗಿಲಲ್ಲಿ ನಿಂತಿದ್ದರು.

"ಮೊನ್ನೆ ಒಂಚೂರು ಮುದ್ದೆ ಹಾಕಿದ್ದೆ. ಕಡ್ಲೆಕಾಯಿ ಬೀಜದಷ್ಟು. ಹಸ್ಕಂಡಿದ್ವೇನೋ ಅಂತ."

"ನೋಡಿದ್ರಾ!" ಎಂದೆ. ಸಿಕ್ಕಿಬಿದ್ದರು ಎಂಬಂತೆ. ಉಪ್ಪುನೀರಿನಲ್ಲಿ ರಾಗಿ ಕೊಳೆತರೆ ಆಗುವ ಅನಾಹುತಗಳ ಮೇಲೆ ಕಾಲು ಗಂಟೆ ಉಪನ್ಯಾಸ ಮಾಡಿದೆ. ಅರವತ್ತೈದು ವರ್ಷದ ಹೆಂಗಸು ತಲೆ ತಗ್ಗಿಸಿ, "ತಪ್ಪಾತು ಅಳಿಯಂದ್ರೇ" ಎಂದರು. ಮೀನುಗಳನ್ನು ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ ಹಿತ್ತಲಿನ ಕರಿಬೇವಿನ ಗಿಡದ ಕೆಳಗೆ ಅವರೇ ಹೂಳಿದರು. ಮಾರನೆಯ ದಿನ ಮೊದಲ ಬಸ್ಸಿಗೆ ರೊಳ್ಳಕ್ಕೆ ಹೋದರು. ಸರೋಜ ಎರಡು ದಿನ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಎಡಗಣ್ಣಿನ ಆಪರೇಷನ್ನಿಗೆ ದಿನ ಹತ್ತಿರ ಬಂತು. ಸರೋಜ ಫೋನು ಮಾಡಿದಳು. ಮಾತು ಮುಗಿಸಿ ಬಂದವಳ ಮುಖ ಸಣ್ಣಗಾಗಿತ್ತು.

"ಅಮ್ಮ ಬರಲ್ವಂತೆ. ಆಪರೇಸನ್ನೇ ಬ್ಯಾಡ್ವಂತೆ."

"ಯಾಕ?"

"ಒಂದು ಕಣ್ಣು ಮಾಡುಸ್ಕಂಡಿದ್ದುಕ್ಕೇ ಇಲ್ಲದ್ದೆಲ್ಲ ಕಾಣ್ತೈತಂತೆ. ಇನ್ನೊಂದೂ ಅಂಗೇ ಆದ್ರೆ ಏನ್ ಮಾಡ್ಲಿ, ಮಬ್ಬಾದ್ರೂ ಇದ್ದದ್ದು ಇದ್ದಂಗೆ ಕಾಣ್ಲಿ ಅಂತಾಳೆ. ಡಾಕ್ಟ್ರು ಬಿಟ್ರೆ ಆ ಕಣ್ಣು ಹೋಗೇ ಹೋಗ್ತೈತೆ ಅಂದವ್ರೆ. ಯಾರು ಹೇಳುದ್ರೋ ಅವ್ಳಿಗೆ ಇದ್ನ!"

ಯಾರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕತ್ತರಿ ಹುಡುಕುವವನಂತೆ ಅಲ್ಲಿಂದ ಎದ್ದುಹೋದೆ.

ಅದೇ ವಾರ ಖಾಜಾ ಪ್ಯಾಂಟಿನ ಲೆಕ್ಕ ಕೇಳಲು ಮನೆಗೆ ಬಂದ. ಖಾಲಿ ತೊಟ್ಟಿಯ ಪಕ್ಕದಲ್ಲಿದ್ದ ಕಲ್ಲಿನ ರಾಶಿ ನೋಡಿ ನಿಂತುಬಿಟ್ಟ.

"ಬಸಣ್ಣ, ಇವ್ನ ಯಾಕ ತಂದ್ರಿ? ಇವು ಔಷಧಿ ಕುಡದ ಕಲ್ಲು ರೀ!"

ಬಟ್ಟೆಯ ಬಣ್ಣ ಬಿಡಿಸಲು ಕಲ್ಲನ್ನು ಔಷಧಿಯಲ್ಲಿ ನೆನೆಸಿ ಡ್ರಮ್ಮಿಗೆ ಹಾಕುತ್ತಾರಂತೆ. ತೂತು ತೂತಿನಲ್ಲೂ ಔಷಧಿ, ಜೊತೆಗೆ ಜೀನ್ಸ್ ಬಿಟ್ಟ ನೀಲಿ. ನಾನು ನಂಬದವನಂತೆ ನೋಡಿದೆ. ಖಾಜಾ ಒಂದು ಕಲ್ಲನ್ನು ಒದ್ದೆ ಮಾಡಿ ಹೊಸ ಜೀನ್ಸಿನ ತುಂಡಿನಲ್ಲಿ ಸುತ್ತಿಟ್ಟು ಚಹಾ ಕುಡಿದ. ಆಮೇಲೆ ಬಿಚ್ಚಿ ತೋರಿಸಿದ. ಕಲ್ಲು ತಾಗಿದಲ್ಲೆಲ್ಲ ಬಟ್ಟೆ ಬಣ್ಣ ಕಳೆದುಕೊಂಡಿತ್ತು.

"ಬಟ್ಟಿ ಬಣ್ಣಾನ ತಿಂತಾವ, ಮೀನು ಬಿಡ್ತಾವೇನ್ರಿ? ನೀರು ನೀಲಿ ಆಗಿರಬೇಕಲ್ಲ, ಯಾರೂ ನೋಡ್ಲಿಲ್ಲೇನು?"

ಒಬ್ಬರು ನೋಡಿದ್ದರು.

ನಾಚಿಕೆ ಎಂಬುದು ಇಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೀನು ಕೊಂದವನು ನಾನು, ಕ್ಷಮೆ ಕೇಳಿದವರು ಅವರು. ಅದಾದರೂ ಇರಲಿ, ಸರಿಯಾಗಿ ಕಾಣುತ್ತಿದ್ದ ಕಣ್ಣಿನ ಮೇಲೆ ಅವರಿಗೇ ಅಪನಂಬಿಕೆ ಹುಟ್ಟಿಸಿದ್ದೆನಲ್ಲ! ಹಾಗೆಂದು ತಕ್ಷಣ ಹೋಗಿ ಒಪ್ಪಿಕೊಂಡೆನೆ? ಇಲ್ಲ. ಮೊದಲ ದಿನ ಆರ್ಡರು ಅರ್ಜೆಂಟು ಎಂದುಕೊಂಡೆ. ಎರಡನೆಯ ದಿನ ಫೋನಿನಲ್ಲೇ ಹೇಳಿದರಾಯಿತು ಎಂದು ನಂಬರು ಒತ್ತಿ, ಅವರು "ಅಲೋ" ಎಂದೊಡನೆ "ಮಳಿ ಬಂತೇನತ್ತಿ?" ಎಂದು ಕೇಳಿ ಇಟ್ಟುಬಿಟ್ಟೆ. ಮೂರನೆಯ ದಿನ ಮಡಕಶಿರಾದ ಬಸ್ಸು ಹತ್ತಿದೆ.

ರೊಳ್ಳದಲ್ಲಿ ಅತ್ತೆ ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಬಲಗಣ್ಣನ್ನು ಅರ್ಧ ಮುಚ್ಚಿಕೊಂಡೇ ಇದ್ದರು, ಅದನ್ನು ಬಳಸಲು ಇಷ್ಟವಿಲ್ಲದವರ ಹಾಗೆ. ನೀರು ಕೊಟ್ಟರು, ಕುಡಿದೆ. ಮಜ್ಜಿಗೆ ಕೊಟ್ಟರು, ಕುಡಿದೆ. ಕೊನೆಗೆ ಕುಡಿಯಲು ಏನೂ ಉಳಿಯದಿದ್ದಾಗ ಹೇಳಿದೆ. ಕಲ್ಲು, ಔಷಧಿ, ಖಾಜಾ, ಬಟ್ಟೆಯ ತುಂಡು, ಎಲ್ಲ. ಮುದ್ದೆಗೂ ಮೀನಿಗೂ ಸಂಬಂಧವೇ ಇರಲಿಲ್ಲ, ತಪ್ಪೆಲ್ಲ ನನ್ನದು ಎಂದೆ. ಬೈಗುಳಕ್ಕೆ ತಲೆ ಬಾಗಿಸಿ ಕೂತೆ.

ಅವರು ಬೈಯಲಿಲ್ಲ. ಸುಲಿಯುವುದನ್ನು ನಿಲ್ಲಿಸಿದರು.

"ಅಂಗಾರೆ ಅವತ್ತು ನೀರು ನೀಲಿಯಾಗಿತ್ತಾ?"

"ಆಗಿತ್ತತ್ತಿ."

"ನನ್ ಕಣ್ಣು ಸರ್ಯಾಗೇ ಇತ್ತಾ?"

"ಸರಿಯಾಗೇ ಇತ್ತು. ನನಗ ಕಾಣ್ಲಿಲ್ಲ."

ಅವರು ಬಲಗಣ್ಣು ಪೂರ್ತಿ ತೆರೆದರು. ಬೀದಿ ನೋಡಿದರು, ಎದುರುಮನೆಯ ಬಾಗಿಲು ನೋಡಿದರು, ಆಮೇಲೆ ನಿಧಾನವಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟು ಸ್ಪಷ್ಟವಾಗಿ ನನ್ನನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

"ಸರೋಜಿಗೆ ಹೇಳಿ, ಇನ್ನೊಂದು ಕಣ್ಣೂ ಮಾಡುಸ್ಕಂತೀನಿ."

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. "ನಾನ ಆಸ್ಪತ್ರಿಗೆ ಕರ್ಕಂಡು ಹೋಗ್ತೀನತ್ತಿ, ನಾನ ಪಕ್ಕದಾಗಿರ್ತೀನಿ, ಡಾಕ್ಟರ್ ಹತ್ರ ನಾನ ಮಾತಾಡ್ತೀನಿ" ಎಂದೆ.

"ಬ್ಯಾಡ ಅಳಿಯಂದ್ರೇ, ನನ್ ಮಗಳು ಬರ್ಲಿ" ಎಂದರು ಅತ್ತೆ, ಬಹಳ ಮರ್ಯಾದೆಯಿಂದ. "ನೀವು ಬಂದ್ರೆ ಆ ಡಾಕ್ಟ್ರಿಗೂ ಏನಾರಾ ಹೇಳ್ಬುಡ್ತೀರ."

ಹೂಂ ಎಂದೆ. ಈ ಇಡೀ ಪ್ರಕರಣದಲ್ಲಿ ನನ್ನ ಬಾಯಿಂದ ಬಂದ ಒಂದೇ ಸರಿಯಾದ ಮಾತು ಅದೇ ಇರಬೇಕು.